ಎಣ್ಣೆಯ ಅಡಿಯಲ್ಲಿ ಉಳಿದ ಉಪ್ಪು: ಅಳಿವೆ ಬದಿಯ ಒಂದು ಮರಗೆಲಸದ ಶೆಡ್ಡಿನ ಪ್ರಕರಣ

ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ಹೊಳೆ ಕಡಲು ಸೇರುವ ಆಸುಪಾಸಿನ ಒಂದು ಊರು. ಅಲ್ಲಿಯ ಮರಗೆಲಸದ ಶೆಡ್ಡೊಂದರಲ್ಲಿ ಎರಡು ಮಳೆಗಾಲಗಳ ನಡುವೆ ನಡೆದದ್ದನ್ನು ಇಲ್ಲಿ ಬರೆದಿದ್ದೇನೆ. ಹೆಸರು ಬೇಡ ಎಂದು ಮೇಸ್ತ್ರಿಯವರು ಕೇಳಿಕೊಂಡಿದ್ದಾರೆ. ಹಾಗಾಗಿ ಗುರುತು ಸಿಗುವ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಸಲಕರಣೆ, ನೀರು, ಗಾಳಿ, ಮಾಡಿದ ಕೆಲಸ ಮಾತ್ರ ಇದ್ದದ್ದು ಇದ್ದ ಹಾಗೇ ಇವೆ. ನಾನು ಕರಾವಳಿಯಲ್ಲಿ ಮರಗೆಲಸದ ಯಂತ್ರ ಮತ್ತು ಕೈ ಸಲಕರಣೆಗಳನ್ನು ರಿಪೇರಿ ಮಾಡುವವನು. ತುಕ್ಕು ನನಗೆ ದಿನದ ಕೆಲಸ. ಆದರೂ ಈ ಪ್ರಕರಣವನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಇಲ್ಲಿ ಮೇಸ್ತ್ರಿ ಸೋಮಾರಿಯಲ್ಲ, ಸಲಕರಣೆ ಕಳಪೆಯಲ್ಲ, ಎಣ್ಣೆಗೂ ಬರವಿರಲಿಲ್ಲ. ಅಷ್ಟಿದ್ದೂ ಎಲ್ಲಕ್ಕೂ ತುಕ್ಕು ಹಿಡಿಯಿತು.

ಹಿನ್ನೆಲೆ

ಮೇಸ್ತ್ರಿಯವರಿಗೆ ಐವತ್ತು ದಾಟಿದೆ. ತಂದೆಯ ಕಾಲದಿಂದ ಬಂದ ಕಸುಬು. ಬಾಗಿಲು, ಕಿಟಕಿ, ಮಂಚ, ದೇವರ ಮಂಟಪ ಮುಖ್ಯ ಕೆಲಸ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವ 61 ದಿನ ಬೋಟುಗಳು ದಡದಲ್ಲೇ ಇರುತ್ತವೆ. ಆಗ ಅವುಗಳ ಕ್ಯಾಬಿನ್ ಬಾಗಿಲು, ಹಲಗೆ, ಮೀನಿನ ಪೆಟ್ಟಿಗೆಯ ಮುಚ್ಚಳ ಎಂದು ಅಲ್ಲಿಯ ಕೆಲಸವೂ ಬರುತ್ತದೆ. ತಂಗಿಯ ಮಗ ಡಿಪ್ಲೊಮಾ ಅರ್ಧಕ್ಕೆ ಬಿಟ್ಟು ಮಾವನ ಜೊತೆ ಸೇರಿಕೊಂಡಿದ್ದಾನೆ. ಇವರಲ್ಲದೆ ಕೆಲಸಕ್ಕೆ ಇನ್ನಿಬ್ಬರು ಇದ್ದಾರೆ.

ಮೊದಲು ಇವರ ಶೆಡ್ಡು ಹೆದ್ದಾರಿಯ ಮೇಲ್ಬದಿಗೆ, ಗುಡ್ಡದ ಮಗ್ಗುಲಲ್ಲಿ ಬಾಡಿಗೆ ಜಾಗದಲ್ಲಿತ್ತು. ಬಾಡಿಗೆ ಏರಿದ ಮೇಲೆ ತಮ್ಮದೇ ಜಾಗಕ್ಕೆ ಬಂದರು. ಅದು ಗಜನಿಯ ಅಂಚು. ಅಂದರೆ ಕಗ್ಗದ ಭತ್ತ ಬೆಳೆಯುವ, ಭರತ (ಕಡಲಿನ ಉಬ್ಬರ) ಬಂದಾಗ ಉಪ್ಪುನೀರು ಒಳಗೆ ನುಗ್ಗುವ ಭೂಮಿ. ಅಲ್ಲಿಂದ ಸಾಣಿಕಟ್ಟಾದ ಉಪ್ಪಿನ ಆಗರವೂ ದೂರವಲ್ಲ. ಚಿರೇಕಲ್ಲಿನ ಗೋಡೆ, ಹಂಚಿನ ಮಾಡು, ಪಡುವಣಕ್ಕೆ ದೊಡ್ಡ ಬಾಯಿ. ಬೆಳಕು ಚೆನ್ನಾಗಿ ಬರುತ್ತದೆ, ಗಾಳಿಯೂ ಅಷ್ಟೇ. ದೀಪಾವಳಿಯ ಹೊತ್ತಿಗೆ ಸಾಮಾನು ಸಾಗಿಸಿ, ಬೇಸಿಗೆಯಿಡೀ ಅಲ್ಲೇ ದುಡಿದರು. ಆ ತಿಂಗಳುಗಳಲ್ಲಿ ಉಳಿಗಳ ಮೇಲೆ ಸಣ್ಣ ಕಂದು ಚುಕ್ಕೆ ಏಳುತ್ತಿದ್ದವಂತೆ. ಹೊಸ ಜಾಗ, ಧೂಳು ಜಾಸ್ತಿ ಎಂದುಕೊಂಡು ಒರೆಸಿಬಿಡುತ್ತಿದ್ದರು.

ಮಳೆ ಹಿಡಿದ ಮೇಲೆ ಪರಿಸ್ಥಿತಿ ಕೈಮೀರಿತು. ಉಳಿ, ರಂದಾದ ತಳ, ಗರಗಸದ ಹಲಗು, ಮೂಲಮಟ್ಟ (ಮೂಲೆ ನೇರವಿದೆಯೇ ಎಂದು ನೋಡುವ ಸಲಕರಣೆ), ವೈಸ್ (ಕೆಲಸದ ತುಂಡನ್ನು ಬಿಗಿಯಾಗಿ ಹಿಡಿಯುವ ಸಲಕರಣೆ), ಪ್ಲೇನರ್ ಯಂತ್ರದ ಎರಕದ ಟೇಬಲ್ ಎಲ್ಲವೂ ಕೆಂಪಾದವು. ಹಾಗಿದ್ದೂ ಮೇಸ್ತ್ರಿ ಯಾರನ್ನೂ ಕರೆಯಲಿಲ್ಲ. ಕರೆಸಿದ್ದು ಒಂದು ಜೊತೆ ಸಾಗವಾನಿ ಬಾಗಿಲು. ಗಿರಾಕಿಯ ಮನೆಗೆ ಹೋಗಿ ಪಾಲಿಶಿಗೆ ನಿಂತಾಗ ಹಲಗೆಯ ಮೈಮೇಲೆ ಶಾಯಿ ಚೆಲ್ಲಿದ ಹಾಗೆ ನೀಲಿಗಪ್ಪು ಚುಕ್ಕೆಗಳು ಕಂಡವು. ಮರದಲ್ಲಿ ಬೂಸ್ಟು ಎಂದು ಗಿರಾಕಿ ಹಟ ಹಿಡಿದ, ಹಣ ನಿಲ್ಲಿಸಿದ. ಅದು ಬೂಸ್ಟಾಗಿರಲಿಲ್ಲ. ತುಕ್ಕಿನ ಪುಡಿ ತೇವದ ಮರದ ಮೇಲೆ ಬಿದ್ದರೆ ಮರದ ಒಗರಿನ ಅಂಶ ಕಬ್ಬಿಣದೊಡನೆ ಕೂಡಿ ಕಪ್ಪಾಗುತ್ತದೆ. ಅಳಲೆಕಾಯಿಯ ರಸಕ್ಕೆ ಕಬ್ಬಿಣ ಸೇರಿಸಿ ಹಿಂದೆ ಶಾಯಿ ಮಾಡುತ್ತಿದ್ದುದೂ ಇದೇ ಗುಣದಿಂದ. ರಂದಾದ ತಳದ ತುಕ್ಕು ಬಾಗಿಲಿಗೆ ಇಳಿದಿತ್ತು. ಆಕ್ಸಾಲಿಕ್ ಆಮ್ಲದ ಬಿಸಿ ದ್ರಾವಣ ಹಚ್ಚಿ, ತೊಳೆದು, ಒಣಗಿಸಿದ ಮೇಲೆ ಕಲೆ ಹೋಯಿತು. (ಅದು ವಿಷ. ಕೈಗವಸು ಹಾಕಿಕೊಂಡೇ ಮುಟ್ಟಬೇಕು, ಮಕ್ಕಳ ಕೈಗೆ ಸಿಗದ ಹಾಗೆ ಇಡಬೇಕು.) ಗಿರಾಕಿ ಸಮಾಧಾನಗೊಂಡ. ತುಕ್ಕು ಮಾತ್ರ ಇದ್ದಲ್ಲೇ ಇತ್ತು.

ನಾನು ಹೋಗುವ ಮುಂಚೆ ಮಾಡಿ ನೋಡಿದ್ದು

ಮೊದಲನೆಯದು ಉಜ್ಜಿ ಎಣ್ಣೆ ಹಚ್ಚುವುದು. ಕೈಗೆ ಸಿಕ್ಕಿದ್ದು ಮರಕ್ಕೆ ಬಳಸುವ 80ರ ಒರಟು ಉಜ್ಜುಕಾಗದ. ತುಕ್ಕು ಹೋಯಿತು, ಜೊತೆಗೆ ಕಬ್ಬಿಣದ ನುಣುಪೂ ಹೋಯಿತು. ಆಳವಾದ ಗೀರುಗಳಲ್ಲಿ ತೇವ, ಧೂಳು ಕೂತುಕೊಂಡು ಒಂದೇ ವಾರದಲ್ಲಿ ಗೀರಿನ ಗುಂಟ ಹೊಸ ತುಕ್ಕು ಬಂತು. ಮತ್ತೆ ಉಜ್ಜಿದರು, ಮತ್ತೆ ಬಂತು.

ಎರಡನೆಯದು ಅಳಿಯನ ಉಪಾಯ. ಮನೆಯಲ್ಲಿ ಹಿತ್ತಾಳೆ ದೀಪ ತೊಳೆಯುವ ಹಾಗೆ ಹುಣಸೆಹಣ್ಣಿಗೆ ಕಲ್ಲುಪ್ಪು ಬೆರೆಸಿ ಉಳಿಗಳನ್ನು ತಿಕ್ಕಿದ. ಸಂಜೆಗೆ ಎಲ್ಲಾ ಫಳಫಳ. ಮಾವನಿಗೂ ಖುಷಿಯಾಗಿ ಅಡಿಗೆಮನೆಯಿಂದ ಇನ್ನಷ್ಟು ಹುಣಸೆಹಣ್ಣು ತರಿಸಿದರು. ಬೆಳಿಗ್ಗೆ ಬಾಗಿಲು ತೆಗೆದಾಗ ಆ ಉಳಿಗಳ ಮೈ ಪೂರ್ತಿ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ತಿಕ್ಕದೆ ಬಿಟ್ಟಿದ್ದ ಉಳಿಗಳೇ ಅದಕ್ಕಿಂತ ಚೆನ್ನಾಗಿದ್ದವು. ಹುಣಸೆಯ ಹುಳಿ ತುಕ್ಕನ್ನು ಕರಗಿಸುತ್ತದೆ ಎಂಬುದು ನಿಜ. ಅಳಿಯನ ಆಲೋಚನೆ ಅಷ್ಟರ ಮಟ್ಟಿಗೆ ಸರಿಯೇ. ಕೆಡಿಸಿದ್ದು ಉಪ್ಪು.

ಮೂರನೆಯದಾಗಿ ದಪ್ಪ ಗ್ರೀಸು ಮೆತ್ತಿ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಟ್ಟರು. ಬಿಚ್ಚಿ ನೋಡಿದರೆ ಹಾಳೆಯ ಒಳಮೈಯಲ್ಲಿ ನೀರಿನ ಹನಿ, ಗ್ರೀಸಿನ ಅಡಿಯಲ್ಲಿ ಕಪ್ಪು ಗುಳಿ. ನಾನು ಹೋದದ್ದು ಈ ಹಂತದಲ್ಲಿ, ಆಷಾಢದ ಜಡಿಮಳೆಯಲ್ಲಿ.

ಗೋಡೆ, ಬೆರಳು, ಸಾಣೆಯ ತೊಟ್ಟಿ

ಮೇಸ್ತ್ರಿಯ ಮೊದಲ ಪ್ರಶ್ನೆ ಯಾವ ಎಣ್ಣೆ ಒಳ್ಳೆಯದು ಎಂಬುದು. ನಾನು ಉತ್ತರ ಕೊಡದೆ ಶೆಡ್ಡು ಸುತ್ತಿದೆ. ತುಕ್ಕು ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ ಎಂದು ನೋಡುವುದು ಯಾವ ಎಣ್ಣೆ ಎಂದು ಕೇಳುವುದಕ್ಕಿಂತ ಮುಖ್ಯ ಎಂಬುದು ನನ್ನ ಅನುಭವ.

ಪಡುವಣ ಬಾಯಿಯ ಪಕ್ಕದ ಗೋಡೆಯಲ್ಲಿ ನೇತುಹಾಕಿದ ಗರಗಸಗಳಿಗೆ ಗಾಳಿಗೊಡ್ಡಿದ ಬದಿಯಲ್ಲಿ ತುಕ್ಕು ದಟ್ಟವಾಗಿತ್ತು, ಗೋಡೆಗೆ ತಾಗಿದ ಬದಿಯಲ್ಲಿ ತೆಳುವಾಗಿತ್ತು. ಮೂಡಣ ಮೂಲೆಯ ಹಳೆಯ ಮರದ ಪೆಟ್ಟಿಗೆಯಲ್ಲಿದ್ದ ಬೈರಿಗೆಗಳಿಗೆ ತುಕ್ಕು ಸ್ವಲ್ಪವೇ. ಮಳೆಗಾಲದ ಪಡುಗಾಳಿ ಕಡಲಿನ ನೊರೆಯಿಂದ ಉಪ್ಪಿನ ಕಣ ಹೊತ್ತು ತರುತ್ತದೆ. ಕಡಲಿಂದ ದೂರ ಹೋದಂತೆ ಅದು ಬೇಗ ಕಡಿಮೆಯಾಗುತ್ತದೆ. ಗುಡ್ಡದ ಮಗ್ಗುಲಲ್ಲಿ ಇದೇ ಉಳಿ, ಇದೇ ಎಣ್ಣೆ ವರ್ಷಗಟ್ಟಲೆ ನಡೆದದ್ದು ಯಾಕೆ ಎಂಬುದಕ್ಕೆ ಅರ್ಧ ಉತ್ತರ ಇಲ್ಲೇ ಸಿಕ್ಕಿತು.

ಮೂಲಮಟ್ಟವನ್ನು ಬೆಳಕಿಗೆ ಹಿಡಿದೆ. ಅದರ ಹಲಗಿನ ನಡುವೆ ಒಂದು ಹೆಬ್ಬೆರಳ ಗುರುತು. ಗೆರೆಗೆರೆಯಾಗಿ, ಸುಳಿ ಎಣಿಸಬಹುದಾದಷ್ಟು ಸ್ಪಷ್ಟವಾಗಿ ತುಕ್ಕಿನಲ್ಲೇ ಮೂಡಿತ್ತು. ಬೆವರಲ್ಲಿ ಉಪ್ಪಿದೆ. ಬೆವರಿದ ಕೈಯಲ್ಲಿ ಹಿಡಿದು, ಒರೆಸದೆ ಇಟ್ಟರೆ ಬೆರಳ ಅಚ್ಚೇ ಕಬ್ಬಿಣದ ಮೇಲೆ ಏಳುತ್ತದೆ. ಅಳಿಯ ತನ್ನ ಹೆಬ್ಬೆರಳನ್ನು ಅದರ ಪಕ್ಕ ಇಟ್ಟು ನೋಡಿಕೊಂಡ. ಆಮೇಲೆ ಯಾರಿಗೂ ಈ ಮಾತನ್ನು ಬಿಡಿಸಿ ಹೇಳಬೇಕಾಗಲಿಲ್ಲ.

ಆದರೂ ಒಂದು ಅಂಶ ಕೂಡಿಬರಲಿಲ್ಲ. ಉಳಿಗಳಲ್ಲಿ ತುಕ್ಕು ಅತಿ ಹೆಚ್ಚಿದ್ದದ್ದು ಬಾಯಿಯ ಹತ್ತಿರ. ಅದು ದಿನಾ ಸಾಣೆ ಹಿಡಿಯುವ ಭಾಗ, ಎಲ್ಲಕ್ಕಿಂತ ಹೊಸದಾಗಿ ಉಜ್ಜಿದ ಭಾಗ. ಅಲ್ಲಿಗೆ ಗಾಳಿಯ ಉಪ್ಪೂ ಬೆರಳಿನ ಬೆವರೂ ಹೆಚ್ಚು ತಾಗುವುದಿಲ್ಲ. ಸಾಣೆಕಲ್ಲಿನ ಪಕ್ಕದಲ್ಲಿ ಒಂದು ಸಿಮೆಂಟಿನ ತೊಟ್ಟಿ ಇತ್ತು. ನೀರು ಎಲ್ಲಿಯದು ಎಂದು ಕೇಳಿದೆ. ಬಾವಿಯದು. ಯಾವಾಗ ತುಂಬಿದ್ದು? ಶೆಡ್ಡಿಗೆ ಬಂದ ಹೊಸತರಲ್ಲಿ. ಆಮೇಲೆ ಕಡಿಮೆಯಾದಾಗೆಲ್ಲ ಒಂದು ಕೊಡ ಸೇರಿಸುವುದು, ಅಷ್ಟೆ.

ಗಜನಿಯ ಅಂಚಿನ ಬಾವಿ ಬೇಸಿಗೆಯ ಕೊನೆಗೆ ಸ್ವಲ್ಪ ಉಪ್ಪಾಗುತ್ತದೆ. ಮನೆಯವರು ಕುಡಿಯಲು ಬೇರೆ ಕಡೆಯಿಂದ ತರುತ್ತಾರೆ, ಬಳಕೆಗೆ ಬಾವಿಯದ್ದೇ. ತೊಟ್ಟಿಯ ನೀರು ಬಿಸಿಲಿಗೆ ಆರಿದಂತೆ ಉಪ್ಪು ಅಲ್ಲೇ ಉಳಿಯುತ್ತದೆ, ಮೇಲೆ ಇನ್ನೊಂದು ಕೊಡ ಸೇರುತ್ತದೆ, ಉಪ್ಪು ಇನ್ನಷ್ಟು ಏರುತ್ತದೆ. ಆಗರದಲ್ಲಿ ಉಪ್ಪು ಕಟ್ಟುವುದೂ ಹೀಗೆಯೇ. ಸಾಣೆಕಲ್ಲು ಆ ನೀರನ್ನು ಕುಡಿದುಕೊಂಡೇ ಇತ್ತು. ಪ್ರತಿ ಸಲ ಉಳಿ ಹರಿತ ಮಾಡಿದಾಗ ಅದರ ಬಾಯಿಗೆ ಉಪ್ಪುನೀರು ಸವರಿದಂತೆ ಆಗುತ್ತಿತ್ತು.

ಬಾಯಿಮಾತು ಸಾಲದು ಎಂದು ಹಳೆಯ ಗರಗಸದ ತುಂಡೊಂದನ್ನು ಹೊಳೆಯುವ ತನಕ ಕೆರೆದು, ಅದರ ಮೇಲೆ ಮೂರು ಹನಿ ಇಟ್ಟೆವು. ಮಾಡಿನಿಂದ ಇಳಿದ ಮಳೆನೀರು, ತೊಟ್ಟಿಯ ನೀರು, ಗಜನಿಯ ನೀರು. ಕಳೆದ ಶತಮಾನದಲ್ಲಿ ಕೇಂಬ್ರಿಜ್‌ನ ವಿಜ್ಞಾನಿ ಯೂಲಿಕ್ ಇವಾನ್ಸ್ ಉಪ್ಪುನೀರಿನ ಹನಿಯಿಂದಲೇ ತುಕ್ಕಿನ ಗುಟ್ಟು ತೋರಿಸಿದ್ದರು. ಹನಿಯ ಅಂಚಿನಲ್ಲಿ ಗಾಳಿಯ ಆಮ್ಲಜನಕ ಧಾರಾಳ, ನಡುವೆ ಕೊರತೆ. ಹಾಗಾಗಿ ನಡುವಿನ ಕಬ್ಬಿಣ ಕರಗುತ್ತದೆ, ಅಂಚು ಉಳಿಯುತ್ತದೆ, ಇವೆರಡರ ನಡುವೆ ತುಕ್ಕಿನ ಉಂಗುರ ಕಟ್ಟುತ್ತದೆ. ಅದೊಂದು ಪುಟ್ಟ ಬ್ಯಾಟರಿ, ಉಪ್ಪು ಅದರ ವಿದ್ಯುತ್ತಿಗೆ ದಾರಿ ಮಾಡಿಕೊಡುತ್ತದೆ. ಚಹಾ ಕುಡಿದು ಬರುವಷ್ಟರಲ್ಲಿ ಗಜನಿಯ ಹನಿಯಲ್ಲೂ ತೊಟ್ಟಿಯ ಹನಿಯಲ್ಲೂ ಕಂದು ಉಂಗುರ ಕಾಣತೊಡಗಿತ್ತು. ಮಳೆಹನಿ ಇನ್ನೂ ತಿಳಿಯಾಗಿತ್ತು. ಮೇಸ್ತ್ರಿ ಆ ತುಂಡನ್ನು ಕಣ್ಣ ಹತ್ತಿರ ಹಿಡಿದು, ಎದ್ದು ಹೋಗಿ ತೊಟ್ಟಿಯನ್ನು ಮಗುಚಿಹಾಕಿದರು.

ಎಣ್ಣೆಗಿಂತ ಮೊದಲು ನೀರು

ಈ ಪ್ರಕರಣದ ಮುಖ್ಯ ತಿರುವು ಇಲ್ಲಿದೆ. ಎಣ್ಣೆ ಹಚ್ಚುವುದನ್ನು ಸ್ವಲ್ಪ ಕಾಲ ನಿಲ್ಲಿಸಿ, ಎಲ್ಲವನ್ನೂ ಮಳೆನೀರಿಗೆ ಹಾಕೋಣ ಎಂದೆ. ಮೇಸ್ತ್ರಿ ಒಪ್ಪಲಿಲ್ಲ. "ಹತ್ಯಾರ ನೀರಿಗೆ ಹಾಕೂದು ಅಂದ್ರೆ ಹೆಂಗೆ ಮಾರಾಯ್ರೇ? ಕಬ್ಬಿಣ ಅಲ್ವಾ ಅದು?" ಎಂದರು. ಅವರ ಆತಂಕ ನ್ಯಾಯವಾದದ್ದೇ. ಮೂವತ್ತು ವರ್ಷ ನೀರಿನಿಂದ ಕಾಪಾಡಿಕೊಂಡು ಬಂದದ್ದನ್ನು ಬೇರೆಯವರ ಮಾತು ಕೇಳಿ ಬಕೆಟ್ಟಿಗೆ ಮುಳುಗಿಸುವುದು ಸುಲಭವಲ್ಲ. ಅಳಿಯ "ಮಾವ, ಒಂದು ಉಳಿ ಮಾತ್ರ ಮಾಡಿ ನೋಡ್ವ" ಎಂದ. ಹಾಗೆ ಒಂದು ಉಳಿಯಿಂದ ಶುರುವಾಯಿತು.

ಯಾಕೆ ತೊಳೆಯಬೇಕು ಎಂಬುದನ್ನು ಬಿಡಿಸಿ ಹೇಳುತ್ತೇನೆ. ಅಡಿಗೆ ಉಪ್ಪು ಗಾಳಿಯ ತೇವ ಸುಮಾರು 75 ಪ್ರತಿಶತ ದಾಟಿದರೆ ತಾನೇ ನೀರೆಳೆದುಕೊಂಡು ಕರಗುತ್ತದೆ. ಕಡಲಿನ ಉಪ್ಪಿನಲ್ಲಿ ಇರುವ ಮೆಗ್ನೀಸಿಯಂ ಕ್ಲೋರೈಡ್ ಇನ್ನೂ ಚುರುಕು, ಅದಕ್ಕೆ 33 ಪ್ರತಿಶತದ ಆಸುಪಾಸು ಸಾಕು. ನಮ್ಮ ಕರಾವಳಿಯಲ್ಲಿ ಗಾಳಿ ಅದಕ್ಕಿಂತ ಒಣಗಿರುವ ಹೊತ್ತು ಬಹಳ ಅಪರೂಪ. ಅಂದರೆ ಉಪ್ಪು ಕೂತ ಕಬ್ಬಿಣ ಕಣ್ಣಿಗೆ ಒಣಗಿ ಕಂಡರೂ ಒದ್ದೆಯಾಗಿಯೇ ಇರುತ್ತದೆ. ಅದರ ಮೇಲೆ ಎಣ್ಣೆ ಸವರಿದರೆ ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ, ಒರೆಸಿದರೂ ಬರುವುದಿಲ್ಲ, ಅಡಿಯಲ್ಲೇ ಕೂತಿರುತ್ತದೆ. ತೆಳು ಎಣ್ಣೆಯ ಪದರದ ಮೂಲಕ ತೇವವೂ ಆಮ್ಲಜನಕವೂ ನಿಧಾನವಾಗಿ ಇಳಿಯುತ್ತವೆ. ಗ್ರೀಸಿನ ಅಡಿಯಲ್ಲಿ ಗುಳಿ ಬಿದ್ದದ್ದು ಹೀಗೆ. ಉಪ್ಪನ್ನು ತೆಗೆಯಲು ನೀರಿಗಿಂತ ಒಳ್ಳೆಯದು ಬೇರೆ ಇಲ್ಲ, ಆ ನೀರು ಸಿಹಿನೀರಾಗಿರಬೇಕು ಅಷ್ಟೆ. ಜುಲೈ ತಿಂಗಳಲ್ಲಿ ಅದಕ್ಕೇನು ಬರ! ಮಾಡಿನ ಹಂಚು ಚೆನ್ನಾಗಿ ತೊಳೆದು ಹೋದ ಮೇಲೆ ಇಳಿಯುವ ನೀರನ್ನು ಡ್ರಮ್ಮುಗಳಲ್ಲಿ ಹಿಡಿದೆವು.

ಉಳಿಗೆ ಮಾಡಿದ ಕ್ರಮ ಇದು. ಮೊದಲು ಸೀಮೆಎಣ್ಣೆಯಲ್ಲಿ ಹಳೆಯ ಎಣ್ಣೆ, ಗ್ರೀಸು ಬಿಡಿಸಿ, ಪಾತ್ರೆ ತೊಳೆಯುವ ಸಾಬೂನಿನಿಂದ ಜಿಡ್ಡು ಪೂರ್ತಿ ತೆಗೆದೆವು. ಜಿಡ್ಡು ಉಳಿದರೆ ನೀರು ಉಪ್ಪಿಗೆ ಮುಟ್ಟುವುದೇ ಇಲ್ಲ. ಆಮೇಲೆ ಬಿಸಿ ಮಳೆನೀರಲ್ಲಿ ನೆನೆಹಾಕಿ ನೀರು ಬದಲಿಸಿದೆವು. ನಂತರ ಲೀಟರ್ ನೀರಿಗೆ 50 ಗ್ರಾಂ ಸಿಟ್ರಿಕ್ ಆಮ್ಲ, ಅಂದರೆ ಕಿರಾಣಿ ಅಂಗಡಿಯ ನಿಂಬೆ ಉಪ್ಪು, ಕರಗಿಸಿ ಅದರಲ್ಲಿ ಮುಳುಗಿಸಿದೆವು, ಹಿಡಿಕೆಗೆ ತಾಗದಂತೆ. ಆಗಾಗ ತೆಗೆದು ಹಳೆ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ ನೋಡಬೇಕು. ತುಕ್ಕು ಬಿಟ್ಟ ಕೂಡಲೇ ತೆಗೆಯಬೇಕು, ರಾತ್ರಿಯಿಡೀ ಮರೆತುಬಿಟ್ಟರೆ ಆಮ್ಲ ಒಳ್ಳೆಯ ಕಬ್ಬಿಣವನ್ನೂ ತಿನ್ನುತ್ತದೆ. ತೆಗೆದ ಮೇಲೆ ಬಟ್ಟೆ ತೊಳೆಯುವ ಸೋಡಾದ ನೀರಲ್ಲಿ ಉಳಿಯನ್ನು ಅದ್ದಿ ಹುಳಿ ಕೊಂದು, ಕೊನೆಗೆ ಕುದಿಯುವ ಮಳೆನೀರು ಹೊಯ್ದೆವು. ಕಬ್ಬಿಣ ಬಿಸಿಯಾಗಿದ್ದರೆ ಒರೆಸುವಷ್ಟರಲ್ಲಿ ತಾನೇ ಆರುತ್ತದೆ. ಆ ಬಿಸಿಯಲ್ಲೇ, ತಡಮಾಡದೆ, ಹೊಲಿಗೆ ಯಂತ್ರದ ಎಣ್ಣೆಯನ್ನು ಬಟ್ಟೆಯಲ್ಲಿ ತೆಳುವಾಗಿ ಸವರಿದೆವು.

ಹೊರಗೆ ಬಂದ ಉಳಿ ಹೊಳೆಯುತ್ತಿರಲಿಲ್ಲ. ಮಂಕು ಬೂದುಬಣ್ಣಕ್ಕೆ ತಿರುಗಿತ್ತು. ಮೇಸ್ತ್ರಿಗೆ ಇದು ಹಿಡಿಸಲಿಲ್ಲ. ಹೊಳಪಿನ ಬೆನ್ನು ಹತ್ತುವುದು ಬೇಡ ಎಂದು ನಾನು ಒತ್ತಾಯಿಸಿದೆ. ಉಳಿಯ ಚಪ್ಪಟೆ ಬೆನ್ನು ಬಾಯಿಯ ಹತ್ತಿರ ನುಣುಪಾಗಿದ್ದರೆ ಕೆಲಸಕ್ಕೆ ಸಾಕು, ಉಳಿದ ಮೈ ಬೂದಾಗಿದ್ದರೆ ನಷ್ಟವಿಲ್ಲ. ಹೊಳಪಿಗಾಗಿ ಉಜ್ಜಿದಷ್ಟೂ ಲೋಹ ಸವೆಯುತ್ತದೆ. ಆ ಉಳಿಯನ್ನು ಬೇಕೆಂದೇ ಪಡುವಣ ಗೋಡೆಗೆ ನೇತುಹಾಕಿದೆವು, ಪಕ್ಕದಲ್ಲಿ ಬರೀ ಉಜ್ಜಿ ಎಣ್ಣೆ ಹಚ್ಚಿದ ಇನ್ನೊಂದು. ವಾರ ಕಳೆಯುವಷ್ಟರಲ್ಲಿ ಎರಡನೆಯದು ಕೆಂಪಾಯಿತು, ತೊಳೆದದ್ದು ಹಾಗೇ ಇತ್ತು. ಆಮೇಲೆ ಮೇಸ್ತ್ರಿಯೇ ಒಂದೊಂದಾಗಿ ಎಲ್ಲ ಉಳಿಗಳನ್ನೂ ತಂದು ಬಕೆಟ್ಟಿನ ಪಕ್ಕ ಸಾಲಾಗಿ ಇಟ್ಟರು.

ಎಲ್ಲದಕ್ಕೂ ಇದೇ ಕ್ರಮ ನಡೆಯುವುದಿಲ್ಲ. ಗರಗಸದ ಹಲಗು ತೆಳು, ಗಡಸು. ಹುಳಿಯಲ್ಲಿ ಬಹಳ ಹೊತ್ತು ಇದ್ದರೆ ಹೈಡ್ರೋಜನ್ ಒಳಸೇರಿ ಉಕ್ಕು ಪೆಡಸಾಗಿ ಮುರಿಯುವ ಅಪಾಯವಿದೆ. ಹಾಗಾಗಿ ಅವನ್ನು ಬಿಸಿನೀರಲ್ಲಿ ತೊಳೆದು, ಸೀಮೆಎಣ್ಣೆ ಹಾಕಿ ಮರದ ತುಂಡಿಗೆ ಸುತ್ತಿದ 400ರ ವಾಟರ್ ಪೇಪರಿನಿಂದ ಉಜ್ಜಿದೆವು. ಮೂಲಮಟ್ಟದ ಅಂಕೆಗಳು ಹುಳಿಗೆ ಮಾಸುತ್ತವೆ, ಅದಕ್ಕೆ ನಯವಾದ ಸ್ಟೀಲ್ ವುಲ್ ಮಾತ್ರ. ವೈಸ್‌ಗೆ ಬಟ್ಟೆ ಸೋಡಾದ ನೀರು, 12 ವೋಲ್ಟಿನ ಬ್ಯಾಟರಿ ಚಾರ್ಜರು, ಒಂದು ಹಳೆಯ ಕಬ್ಬಿಣದ ತಗಡು ಸಾಕಾಯಿತು. ವೈಸ್‌ಗೆ ಮೈನಸ್, ತಗಡಿಗೆ ಪ್ಲಸ್. ಇದನ್ನು ಮಾಡುವವರಿಗೆ ಎರಡು ಎಚ್ಚರಿಕೆ ಹೇಳಲೇಬೇಕು. ಪ್ಲಸ್ ಬದಿಗೆ ಸ್ಟೇನ್‌ಲೆಸ್ ಸ್ಟೀಲ್ ಬೇಡ, ವಿಷದ ಕ್ರೋಮಿಯಂ ನೀರಿಗೆ ಇಳಿಯುತ್ತದೆ. ಸೋಡಾದ ಬದಲು ಉಪ್ಪು ಹಾಕಲೇಬಾರದು, ಕ್ಲೋರಿನ್ ಅನಿಲ ಬರುತ್ತದೆ. ಸೋಡಾದಲ್ಲೂ ಹೈಡ್ರೋಜನ್ ಏಳುತ್ತದೆ, ಆದ್ದರಿಂದ ಕೆಲಸ ಬಯಲಲ್ಲೇ ಆಗಬೇಕು, ಬೆಂಕಿ ಹತ್ತಿರ ಇರಬಾರದು.

ಅಪ್ಪನ ಕಾಲದ ಒಂದು ರಂದಾದ ಬ್ಲೇಡಿನ ಬೆನ್ನಿಗೆ ಗುಳಿಗಳು ಬಿದ್ದಿದ್ದವು. ಅವನ್ನು ಪೂರ್ತಿ ಹೋಗಿಸಬೇಕಾದರೆ ಬ್ಲೇಡನ್ನೇ ಅರ್ಧ ತೆಳುವಾಗಿಸಬೇಕಿತ್ತು. ಗುಳಿ ಇದ್ದದ್ದು ಬಾಯಿಯಿಂದ ಒಂದು ಅಂಗುಲ ಹಿಂದೆ. ಅಲ್ಲಿಯವರೆಗೆ ಸಾಣೆ ಸವೆಯಲು ವರ್ಷಗಳೇ ಬೇಕು ಎಂದು ಮುಟ್ಟದೆ ಬಿಟ್ಟೆವು.

ಬೆಳಗಿನ ಬೆವರು

ಕೈ ಸಲಕರಣೆಗಳು ಹಿಡಿತಕ್ಕೆ ಬಂದವು, ಪ್ಲೇನರ್ ಯಂತ್ರದ ಟೇಬಲ್ ಬರಲಿಲ್ಲ. ಅದನ್ನು ಬಕೆಟ್ಟಿಗೆ ಹಾಕುವಂತಿಲ್ಲ. ಸೀಮೆಎಣ್ಣೆಯಲ್ಲಿ ಉಜ್ಜಿ, ಬಿಸಿ ಮಳೆನೀರಲ್ಲಿ ಹಿಂಡಿದ ಬಟ್ಟೆಯಿಂದ ಮತ್ತೆ ಮತ್ತೆ ಒರೆಸಿ, ಒಣಗಿಸಿ, ಎಣ್ಣೆಯ ಬದಲು ಮೇಣ ತಿಕ್ಕಿದೆವು. ಎಣ್ಣೆಯಾದರೆ ಮರಕ್ಕೆ ಕಲೆಯಾಗುತ್ತದೆ, ಮರದ ಪುಡಿ ಅಂಟುತ್ತದೆ. ಮೇಣದಿಂದ ಹಲಗೆಯೂ ಸಲೀಸಾಗಿ ಜಾರುತ್ತದೆ. ಇಷ್ಟಾದರೂ ಕೆಲವು ಬೆಳಿಗ್ಗೆ ಟೇಬಲ್ ಮೇಲೆ ಕೈಯಾಡಿಸಿದರೆ ಬೆರಳು ಒದ್ದೆಯಾಗುತ್ತಿತ್ತು. ಮಾಡು ಸೋರಿರಲಿಲ್ಲ, ಇರಿಚಲೂ ಒಳಗೆ ಬಂದಿರಲಿಲ್ಲ.

ಗಾಳಿ 27 ಡಿಗ್ರಿ, ತೇವ 90 ಪ್ರತಿಶತ ಇದ್ದಾಗ ಅದರೊಳಗಿನ ನೀರು ಸುಮಾರು 25 ಡಿಗ್ರಿಗೇ ಹನಿಗಟ್ಟುತ್ತದೆ. ಅಷ್ಟು ದಪ್ಪದ ಎರಕ ರಾತ್ರಿ ತಣಿದರೆ ಬೇಗ ಬಿಸಿಯಾಗುವುದಿಲ್ಲ. ಗಾಳಿಗಿಂತ ಎರಡು ಡಿಗ್ರಿ ತಣ್ಣಗಿದ್ದರೂ ಬೆವರುತ್ತದೆ. ಇದು ಗೊತ್ತಿದ್ದ ವಿಷಯ. ಆದರೆ ಎಲ್ಲ ದಿನ ಆಗದೆ ಕೆಲವೇ ದಿನ ಯಾಕೆ ಎಂಬುದು ಕಾಡುತ್ತಿತ್ತು. ಕೆಲಸದವರಲ್ಲಿ ಒಬ್ಬ ಹೇಳಿದ ಮಾತಿನಿಂದ ಗೊತ್ತಾಯಿತು: ಅಂಟು ಒಣಗದ ದಿನ ಸಂಜೆ ಬಾಗಿಲು ಮುಚ್ಚಿಕೊಂಡು ಒಳಗೆ ಗ್ಯಾಸ್ ಒಲೆ ಉರಿಸುತ್ತಿದ್ದರು. ಬೆಚ್ಚಗಾಗುತ್ತದೆ, ಒಣಗುತ್ತದೆ ಎಂಬ ಲೆಕ್ಕ. ಒಂದು ಕಿಲೋ ಅಡಿಗೆ ಅನಿಲ ಉರಿದರೆ ಒಂದೂವರೆ ಲೀಟರಿಗೂ ಹೆಚ್ಚು ನೀರು ಆವಿಯಾಗಿ ಹೊರಬರುತ್ತದೆ. ಚಿಮಣಿ ಇಲ್ಲದಿದ್ದರೆ ಅದೆಲ್ಲ ಶೆಡ್ಡಿನಲ್ಲೇ. ಒಲೆ ಆರಿದ ಮೇಲೆ ಆ ಆವಿ ಎಲ್ಲಕ್ಕಿಂತ ತಣ್ಣಗಿರುವ ವಸ್ತುವಿನ ಮೇಲೆ ಇಳಿಯುತ್ತದೆ. ಮುಚ್ಚಿದ ಕೋಣೆಯಲ್ಲಿ ಒಲೆ ಉರಿಸುವುದು ಉಸಿರಿಗೂ ಅಪಾಯ. ಅಂದಿನಿಂದ ಗ್ಯಾಸ್ ನಿಂತಿತು. ಅಂಟಿನ ಕೆಲಸವನ್ನು ಮಳೆ ಬಿಡುವು ಕೊಟ್ಟ ದಿನಗಳಿಗೆ ಹೊಂದಿಸಿಕೊಂಡರು. ಸಂಜೆ ಟೇಬಲ್ ಮೇಲಿನ ಮರದ ಪುಡಿ ಗುಡಿಸುವುದೂ ಕಡ್ಡಾಯವಾಯಿತು, ಹಸಿಮರದ ಪುಡಿ ತೇವ ಹಿಡಿದುಕೊಂಡು ಕೂರುತ್ತದೆ. ಮುಚ್ಚಲು ಪ್ಲಾಸ್ಟಿಕ್ ಬದಲು ಹಳೆಯ ಹತ್ತಿ ಚಾದರ ಬಂತು.

ಬಲ್ಬಿನ ಕಪಾಟು

ಪಡುವಣ ಗೋಡೆಗೆ ಸಲಕರಣೆ ನೇತುಹಾಕುವುದನ್ನು ಬಿಡಬೇಕು ಎಂಬುದು ಎಲ್ಲರಿಗೂ ಮನವರಿಕೆಯಾಗಿತ್ತು. ಎಲ್ಲಿಡಬೇಕು ಎಂಬುದಕ್ಕೆ ದಾರಿ ತೋರಿಸಿದವರು ಮೇಸ್ತ್ರಿಯ ತಂಗಿ. ಅವರನ್ನು ಮದುವೆ ಮಾಡಿ ಕೊಟ್ಟ ಮನೆ ಶಿರಸಿ ಕಡೆ. ಅಲ್ಲಿ ಮಳೆಗೇನೂ ಕಡಿಮೆಯಿಲ್ಲ, ಮಂಜು ಬೇರೆ. ಆದರೆ ಅವರ ಮನೆಯ ಕತ್ತಿ, ಗುದ್ದಲಿಗಳು ಮಳೆಗಾಲದಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ಕೂರುತ್ತವೆ, ಕೆಡುವುದಿಲ್ಲ. ಘಟ್ಟದ ಮೇಲೆ ಕಡಲಿನ ಉಪ್ಪು ಇಲ್ಲ ಎಂಬುದೂ ಒಂದು ಕಾರಣ. ಬೆಚ್ಚಗಿರುವ ಜಾಗ ಎಂಬುದು ಅದಕ್ಕಿಂತ ದೊಡ್ಡ ಕಾರಣ.

ಅದೇ ತತ್ವವನ್ನು ಕಪಾಟಿಗೆ ತಂದೆವು. ಬಿಗಿಯಾಗಿ ಮುಚ್ಚುವ ಸಣ್ಣ ಮರದ ಕಪಾಟು, ಕೆಳಗೆ ಮೇಲೆ ಒಂದೊಂದು ಸಣ್ಣ ತೂತು, ಅಡಿಯಲ್ಲಿ ಜಾಲರಿಯೊಳಗೆ 40 ವಾಟಿನ ಹಳೆಯ ಮಾದರಿಯ ತಂತಿ ಬಲ್ಬು. ಎಲ್‌ಇಡಿ ಇದಕ್ಕೆ ಆಗದು, ಅದರಲ್ಲಿ ಬಿಸಿ ಸಾಲದು. ಒಳಗಿನ ಗಾಳಿ ಹೊರಗಿಗಿಂತ 5 ಡಿಗ್ರಿ ಬೆಚ್ಚಗಿದ್ದರೆ ಹೊರಗಿನ 90 ಪ್ರತಿಶತ ತೇವ ಒಳಗೆ 67ರ ಆಸುಪಾಸಿಗೆ ಇಳಿಯುತ್ತದೆ. ಉಪ್ಪಿಲ್ಲದ ಶುದ್ಧ ಕಬ್ಬಿಣಕ್ಕೆ ಸುಮಾರು 60 ದಾಟುವ ತನಕ ತುಕ್ಕು ಬಹಳ ನಿಧಾನ. ಅದರ ಮೇಲೆ ತೆಳು ಎಣ್ಣೆ ಇದ್ದರೆ ಈ ಏಳು ಪ್ರತಿಶತಕ್ಕೆ ಹೆದರಬೇಕಾಗಿಲ್ಲ. ಎಣ್ಣೆ ಬಟ್ಟೆಗಳನ್ನು ಮಾತ್ರ ಕಪಾಟಿನ ಹತ್ತಿರವೂ ಇಡಬಾರದು. ಅಗಸೆ ಎಣ್ಣೆ ಒರೆಸಿದ ಬಟ್ಟೆಯಂತೂ ಮುದ್ದೆಯಾಗಿ ಬಿದ್ದಿದ್ದರೆ ತಾನೇ ಕಾವು ಏರಿ ಹೊತ್ತಿಕೊಳ್ಳುತ್ತದೆ. ಅದನ್ನು ಬಯಲಲ್ಲಿ ಹರಡಿ ಒಣಗಿಸಿಯೇ ಬಿಸಾಡಬೇಕು.

ಗಾಳಿಮಳೆಯಲ್ಲಿ ಕರೆಂಟು ಹೋದರೆ ಬಲ್ಬೂ ಹೋಯಿತು. ಅದಕ್ಕೆಂದು ಮೂಲಮಟ್ಟ, ಕೆತ್ತನೆಯ ಸಣ್ಣ ಉಳಿಗಳನ್ನು ಬಿಗಿ ಮುಚ್ಚಳದ ಬಿಸ್ಕತ್ತಿನ ಡಬ್ಬಿಗೆ ಹಾಕಿ ಸಿಲಿಕಾ ಜೆಲ್ ಇಟ್ಟರು. ಅದು ತೇವ ಕುಡಿದು ತುಂಬಿದ ಮೇಲೆ ಓವನ್ನಿನಲ್ಲಿ 120 ಡಿಗ್ರಿಯ ಆಸುಪಾಸಿನಲ್ಲಿ ಕಾಯಿಸಿದರೆ ಮತ್ತೆ ಬಳಕೆಗೆ ಬರುತ್ತದೆ.

ಮುಂದಿನ ಮಳೆಗಾಲ

ಎರಡನೆಯ ಮಳೆಗಾಲದಲ್ಲಿ ಉಳಿಗಳೂ ರಂದಾಗಳೂ ಚೆನ್ನಾಗಿದ್ದವು. ಪ್ಲೇನರಿನ ಟೇಬಲ್ ಅಂಚಿನಲ್ಲಿ, ಮೇಣ ತಲುಪದ ಮೂಲೆಗಳಲ್ಲಿ ಸ್ವಲ್ಪ ಕಂದು ಬಂತು, ಉಜ್ಜಿದರೆ ಹೋಗುವಷ್ಟು. ಸಾಣೆಯ ತೊಟ್ಟಿಯ ಜಾಗದಲ್ಲಿ ಈಗ ಸಣ್ಣ ಪ್ಲಾಸ್ಟಿಕ್ ಬೋಗುಣಿ ಇದೆ, ನೀರು ದಿನಾ ಬದಲು. ಬೇಸಿಗೆಗೆಂದು ಎರಡು ಡ್ರಮ್ಮು ಮಳೆನೀರು ಮುಚ್ಚಿಟ್ಟಿದ್ದಾರೆ, ಸಾಣೆಗೂ ತೊಳೆಯಲಿಕ್ಕೂ ಅದೇ. ಬಾಗಿಲುಗಳ ಮೇಲೆ ಕಪ್ಪು ಚುಕ್ಕೆ ಮತ್ತೆ ಬಂದಿಲ್ಲ.

ಬಗೆಹರಿಯದ್ದೂ ಉಂಟು. ಕಪಾಟಿನ ಒಣ ಕಾವಿಗೆ ಸುತ್ತಿಗೆಗಳ ಹಿಡಿಕೆ ಕುಗ್ಗಿ ತಲೆ ಅಲುಗಾಡತೊಡಗಿತು. ಅವನ್ನು ಹೊರಗೆ ತೆಗೆದು ಮೂಡಣ ಗೋಡೆಗೆ ಹಾಕಿದ್ದಾರೆ. ಸುತ್ತಿಗೆಗೆ ಸ್ವಲ್ಪ ತುಕ್ಕು ಬಂದರೆ ಕೆಲಸ ಕೆಡುವುದಿಲ್ಲ, ತಲೆ ಹಾರಿಬಿದ್ದರೆ ಆಳಿಗೇ ಪೆಟ್ಟು. ಅರಗಳಿಗೆ ಎಣ್ಣೆ ಹಚ್ಚುವಂತಿಲ್ಲ, ಹಲ್ಲಿಗೆ ಪುಡಿ ಕಟ್ಟಿ ಜಾರುತ್ತವೆ. ಹೀಗಾಗಿ ಕಪಾಟಿನ ಅತ್ಯಂತ ಬೆಚ್ಚನೆಯ ಅಂತಸ್ತು ಅವಕ್ಕೇ ಮೀಸಲು.

ಅತಿ ಕಷ್ಟದ ಕಾಲ ಜುಲೈ ಕೊನೆಯ ವಾರಗಳು. ಆಗಸ್ಟ್ 1ಕ್ಕೆ ಬೋಟುಗಳು ಇಳಿಯಬೇಕು, ಎಲ್ಲರಿಗೂ ಅವಸರ. ಸಲಕರಣೆಗಳು ಬೆಳಿಗ್ಗೆ ಬಂದರಿಗೆ ಹೋಗಿ ರಾತ್ರಿ ಉಪ್ಪು ಹಿಡಿದು ವಾಪಸಾಗುತ್ತವೆ. ದಣಿದ ಕೈಗೆ ಅವನ್ನು ಎಸೆದು ಮನೆಗೆ ಹೋಗುವುದೇ ಬೇಕು. ಹಾಗಾಗಿ ಶೆಡ್ಡಿನ ಬಾಗಿಲಲ್ಲೇ ಮಳೆನೀರಿನ ಬಕೆಟ್ಟು, ಒಣ ಬಟ್ಟೆ, ಎಣ್ಣೆಯ ಡಬ್ಬಿ ಇಟ್ಟಿದ್ದಾರೆ. ಬಂದರಿನಿಂದ ಬಂದ ಯಾವ ಸಲಕರಣೆಯೂ ಅದ್ದಿ, ಒರೆಸಿ, ಎಣ್ಣೆ ಸವರದೆ ಒಳಗೆ ಹೋಗಬಾರದು. ಇದರ ಜವಾಬ್ದಾರಿ ಅಳಿಯನದು. ಮೇಸ್ತ್ರಿಯವರು ತಮ್ಮ ಮರದ ರಂದಾವನ್ನು ಈಗಲೂ ನೀರಿಗೆ ಅದ್ದಲು ಬಿಡುವುದಿಲ್ಲ. ಅದರ ಬ್ಲೇಡು ಬಿಚ್ಚಿ, ಒದ್ದೆ ಬಟ್ಟೆಯಿಂದ ಎರಡೂ ಬದಿ ಒರೆಸಿ, ಬಟ್ಟೆ ಹಿಂಡಿ ಮತ್ತೊಮ್ಮೆ ಒರೆಸಿ, ಆಮೇಲೆ ಒಣ ಬಟ್ಟೆ, ಕೊನೆಗೆ ಎಣ್ಣೆ. ಮರದ ಮೈಗೆ ನೀರು ತಾಗದಿರುವುದೇ ಒಳ್ಳೆಯದು, ಬ್ಲೇಡಿನ ಉಪ್ಪೂ ಹೋಗುತ್ತಿದೆ. ಆ ಕ್ರಮವನ್ನು ಅಳಿಯ ಮಿಕ್ಕ ರಂದಾಗಳಿಗೂ ಬಳಸುತ್ತಿದ್ದಾನೆ.